ಖಾಲಾ ತಂದ ಹಸಿರು ಪುಸ್ತಕ

ಎಪ್ಪತ್ತರ ದಶಕದಲ್ಲಿ, ನಾನು ಆರನೆಯ ಇಯತ್ತೆಯಲ್ಲಿದ್ದಾಗ, ಖಾಸಬಾಗದ ನಮ್ಮ ಓಣಿಯಲ್ಲಿ ರವಿವಾರ ಮಧ್ಯಾಹ್ನ ಪುಸ್ತಕ ಬದಲಿ ಮಾಡಿಕೊಳ್ಳುವ ರೂಢಿ ಇತ್ತು. ಅವ್ವ ನಮ್ಮ ಕಟ್ಟೆಯ ಮೇಲೆ ಚಾಪೆ ಹಾಸುತ್ತಿದ್ದಳು. ಒಂದು ಪುಸ್ತಕ ಇಟ್ಟವರು ಒಂದನ್ನು ಒಯ್ಯಬಹುದು. ರಟ್ಟು ಹರಿದ ಕನ್ನಡ ಕಾದಂಬರಿಗಳು, ಮರಾಠಿಯ ದಿವಾಳಿ ಸಂಚಿಕೆಗಳು ಮನೆಮನೆ ತಿರುಗುತ್ತಿದ್ದವು.

ಬಾಜು ಮನೆಯಲ್ಲಿ ಬಟ್ಟೆ ಹೊಲಿದುಕೊಂಡಿದ್ದವರನ್ನು ನಾವು ಮಕ್ಕಳು ಉರ್ದುವಿನಲ್ಲಿ ಚಿಕ್ಕಮ್ಮ ಎಂಬಂತೆ ಖಾಲಾ ಎನ್ನುತ್ತಿದ್ದೆವು. ಅವರು ಮಾತ್ರ ಎಂದೂ ಬಂದವರಲ್ಲ. ಅವರಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಒಂದು ರವಿವಾರ ಅವರು ಹಸಿರು ರಟ್ಟಿನ ಉರ್ದು ಪುಸ್ತಕವೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಚಾಪೆಯ ಅಂಚಿಗಿಟ್ಟು, ಬದಲಿಗೆ ಏನನ್ನೂ ಒಯ್ಯದೆ ಹೋದರು. ಮೂರು ವಾರ ಅದನ್ನು ಯಾರೂ ಮುಟ್ಟಲಿಲ್ಲ. ನಾಲ್ಕನೆಯ ವಾರ ಖಾಲಾ ಅದನ್ನು ವಾಪಸು ಎತ್ತಿಕೊಳ್ಳಲು ಬಾಗಿದಾಗ ಅವ್ವ ಅವರ ಕೈ ಹಿಡಿದಳು.

“ಇರ್ಲಿ ಬಿಡ್ರಿ ಅಕ್ಕಾರ. ಇದನ್ನ ನಾ ಒಯ್ತೀನಿ.”

“ನಿಮಗ ಓದಾಕ ಬರೂದಿಲ್ಲಲ್ರೀ?”

“ನೀವು ಓದಿ ಹೇಳ್ರಿ. ನಾ ಕೇಳ್ತೀನಿ.”

ಮರುದಿನ ನಾನು ಶಾಲೆಯಿಂದ ಬಂದಾಗ ಖಾಲಾ ನಮ್ಮ ಪಡಸಾಲೆಯಲ್ಲಿ ಕುಳಿತಿದ್ದರು. ಅವ್ವ ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ಖಾಲಾ ಉರ್ದುವಿನಲ್ಲಿ ಒಂದು ಸಾಲು ಓದಿ ಅದನ್ನೇ ಕನ್ನಡದಲ್ಲಿ ಹೇಳುತ್ತಿದ್ದರು. ಟಾಂಗಾ ಹೊಡೆಯುವವನೊಬ್ಬ ಜ್ವರ ಬಂದು ಮಲಗಿದಾಗ ಅವನ ಮಗಳು ತಾನೇ ಲಗಾಮು ಹಿಡಿದು ಪೇಟೆಗೆ ಹೊರಡುವ ಕಥೆ ಅದು. ಜನ ನಗುತ್ತಾರೆ, ಅವಳು ಟಾಂಗಾ ನಿಲ್ಲಿಸುವುದಿಲ್ಲ. ಅಲ್ಲಿಗೆ ಬಂದಾಗ ಖಾಲಾ ಪುಸ್ತಕವನ್ನು ತೊಡೆಯ ಮೇಲಿಟ್ಟರು.

“ನಮ್ಮ ಅಬ್ಬಾನೂ ಟಾಂಗಾ ಹೊಡೀತಿದ್ರು,” ಎಂದರು. “ಈ ಪುಸ್ತಕದಾಗ ನಮ್ಮ ಮನಿ ಐತ್ರಿ.”

ಅವ್ವ ಸೊಪ್ಪು ಬದಿಗಿಟ್ಟಳು. “ಹಂಗಾದ್ರ ಮೊದಲಿಂದ ಓದ್ರಿ.”

ನನಗೆ ಆಗ ಒಂದು ವಿಷಯ ಹೊಳೆಯಿತು. ನಾನು ಅಷ್ಟೊಂದು ಕಥೆ ಓದಿದ್ದೆ. ಅಪ್ಪನನ್ನು ಅಬ್ಬಾ ಎನ್ನುವ ಹುಡುಗಿ ಒಂದರಲ್ಲೂ ಇರಲಿಲ್ಲ. ಗೋಡೆಯಾಚೆಯ ಮನೆಯಲ್ಲಿ ದಿನವೂ ಕೇಳುವ ಮಾತು ಅದು! ಎರಡನೆಯ ಸಲ ಖಾಲಾ ಹೇಳುವಾಗ ನಾನು ಇಡೀ ಕಥೆಯನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಮುಂದಿನ ರವಿವಾರ ಅದನ್ನೂ ಚಾಪೆಯ ಮೇಲಿಟ್ಟೆ. ಖಾನಾಪುರದಿಂದ ಬಂದಿದ್ದ ಅವ್ವನ ತಂಗಿ, ನಮ್ಮ ಚಿಗವ್ವ, ಅದನ್ನು ಒಯ್ದಳು.

ದಿವಾಳಿ ರಜೆಯಲ್ಲಿ ಖಾನಾಪುರಕ್ಕೆ ಹೋದವಳೇ ನೋಟ್‌ಬುಕ್ ಕೇಳಿದೆ. ಚಿಗವ್ವ ನಕ್ಕಳು. “ನನ್ನ ಕಡೆ ಎಲ್ಲೈತಿ? ಬಾಜೂ ಮನಿಯಾಕಿ ಮರಾಠಿಯೊಳಗ ಮಕ್ಕಳಿಗೆ ಹೇಳಿದ್ಲು. ಆಮ್ಯಾಲ ನಂದಗಡದ ಮಾಸ್ತರೊಬ್ರು ಒಯ್ದ್ರು.”

ಊರಿಗೆ ಮರಳಿ ಖಾಲಾಗೆ ಹೇಳಿದೆ. ಹೊಲಿಗೆ ಯಂತ್ರ ನಿಂತಿತು.

“ನಂದಗಡಕ್ಕ ಹೋತೇನ? ನಾನ ಇನ್ನೂ ನೋಡಿಲ್ಲ ಆ ಊರ!” ಎಂದು ಬಾಯಿಗೆ ಸೆರಗು ಹಿಡಿದು ನಕ್ಕರು, ಕಣ್ಣೂ ಒರೆಸಿಕೊಂಡರು.

ಆ ಚಳಿಗಾಲದಲ್ಲಿ ಅವರು ನನ್ನ ತಮ್ಮನ ಪಾಟಿಯ ಮೇಲೆ ಕನ್ನಡ ಅಕ್ಷರ ತಿದ್ದತೊಡಗಿದರು. ನಾನು ಮ್ಯಾಟ್ರಿಕ್ ಮುಗಿಸುವ ಹೊತ್ತಿಗೆ ಸಾಲಿನಡಿ ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದರು. ನನಗೂ ಉರ್ದು ಕಲಿಸುತ್ತೇನೆಂದು ಎಷ್ಟೋ ಸಲ ಕರೆದಿದ್ದರು. ನಾಳೆ ಬರುತ್ತೇನೆ ಎನ್ನುತ್ತಲೇ ಮದುವೆಯಾಗಿ ಓಣಿ ಬಿಟ್ಟೆ. ಅವರ ಮನೆಯ ಕಥೆ ನನಗೆ ಗೊತ್ತಾದದ್ದು ಅವರು ಕನ್ನಡಕ್ಕೆ ತಂದು ಕೊಟ್ಟಿದ್ದರಿಂದ. ನಾನಾಗಿ ಅತ್ತ ಒಂದು ಹೆಜ್ಜೆಯನ್ನೂ ಇಡಲಿಲ್ಲ.