ಮಾತು ಕಲಿಸುವ ಅರವತ್ತನಾಲ್ಕು ವಿಡಿಯೊ

ಬಸ್ ನಿಲ್ದಾಣದ ಮೈಕಿನಲ್ಲಿ ಮೂವತ್ತೊಂದು ವರ್ಷ ಊರೂರಿನ ಹೆಸರು ಕೂಗಿದ ಮನುಷ್ಯನಿಗೆ ಪಾರ್ಶ್ವವಾಯು ಹೊಡೆದು ಬಾಯಿಗೆ ಬೀಗ ಬಿದ್ದಿತ್ತು. ಬಲಗೈ ನಿಧಾನಕ್ಕೆ ಹಿಡಿತಕ್ಕೆ ಬಂತು, ಮಾತು ಬರಲಿಲ್ಲ. ಬೇಕೆಂದರೂ ‘ಹ್ಞಂ’, ಬೇಡವೆಂದರೂ ‘ಹ್ಞಂ’. ಯಾವುದು ಯಾವುದೆಂದು ತಿಳಿಯುವುದು ಮಗನ ಪಾಲಿಗೆ ಬಿದ್ದ ಕೆಲಸ.

ಮಗ ಬಸ್ ಡ್ರೈವರ್. ನಸುಕಿಗೆ ಡಿಪೊಗೆ ಹೋದವನು ಮಧ್ಯಾಹ್ನ ಎರಡಕ್ಕೆ ಸೊಂಟ ಹಿಡಿದುಕೊಂಡು ಬರುತ್ತಿದ್ದ. ಬೂಟು ಬಿಚ್ಚುವ ಮೊದಲೇ ಅಪ್ಪನ ಮುಂದೆ ಫೋನ್ ಹಿಡಿಯಬೇಕು. ಮಾತಿನ ಚಿಕಿತ್ಸೆಯ ಡಾಕ್ಟರಮ್ಮ ಒಬ್ಬರು ತಮ್ಮ ಕ್ಲಿನಿಕ್ಕಿನ ವೆಬ್‌ಸೈಟಿನಲ್ಲಿ ಅಭ್ಯಾಸದ ವಿಡಿಯೊಗಳನ್ನು ಹಾಕಿದ್ದರು. “ತುಟಿ ಮುಚ್ಚಿ, ಈಗ ಬಿಡಿ” ಎಂದು ಆಕೆ ಹೇಳಿದರೆ ಅಪ್ಪ ಕೇಳುತ್ತಿದ್ದರು. ಅದನ್ನೇ ಮಗ ಹೇಳಿದರೆ ಗೋಡೆ ಕಡೆ ಮುಖ. ನೆಟ್ ಕೈಕೊಟ್ಟು ಆಕೆಯ ಬಾಯಿ ಅರ್ಧಕ್ಕೆ ನಿಂತರಂತೂ ಅಪ್ಪನ ಬಾಯಿಯೂ ಅರ್ಧ ತೆರೆದು ಹಾಗೇ ಕಾಯುತ್ತಿತ್ತು.

ಕ್ಲಿನಿಕ್ ಮುಚ್ಚುತ್ತದೆ, ತಿಂಗಳ ಕೊನೆಗೆ ವೆಬ್‌ಸೈಟೂ ಇರುವುದಿಲ್ಲ ಎಂದು ತಿಳಿದಾಗ ಅವನು ಡಾಕ್ಟರಮ್ಮನಿಗೆ ಫೋನ್ ಮಾಡಿದ.

“ಎಲ್ಲಾ ಇಳಿಸ್ಕೊಳ್ಳಿ, ನನ್ನ ಅಭ್ಯಂತರ ಇಲ್ಲ. ಕೂತು ಒಂದೊಂದೇ ಕಳಿಸೋ ತ್ರಾಣ ನನಗಿಲ್ಲ, ಅಷ್ಟೇ” ಎಂದರು.

ದಾರಿ ತೋರಿಸಿದ್ದು ಡಿಪೊದಲ್ಲಿ ಟಿಕೆಟ್ ಯಂತ್ರ ರಿಪೇರಿ ಮಾಡುವ, ಎಲ್ಲರೂ ‘ಮೆಷಿನ್ ಮೇಡಂ’ ಎಂದು ಕರೆಯುವ ಹೆಂಗಸು. “ಮನೇಲಿ ಹಳೇ ಲ್ಯಾಪ್‌ಟಾಪ್ ಇದ್ಯಾ? ಅದನ್ನೇ ಸರ್ವರ್ ಮಾಡಿ. ವಿಡಿಯೊ ಇಳಿಸೋ ಆ್ಯಪ್ ಅದರಲ್ಲಿರ್ಲಿ. ಫೋನಿಂದ ಲಿಂಕ್ ಕೊಟ್ರೆ ಇಳಿಸಿಟ್ಕೊಳ್ಳುತ್ತೆ. ಆಮೇಲೆ ನೆಟ್ ಇರ್ಲಿ ಬಿಡ್ಲಿ, ಮನೆಯೊಳಗೆ ಓಡುತ್ತೆ.” ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಬೇಕಾದ ಎಂಟು ಸಾಲನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಳು.

ರಜೆಯ ದಿನ ಬೆಳಿಗ್ಗೆಯೇ ಅವನು ಪರದೆ ಬಿರುಕುಬಿಟ್ಟ ಲ್ಯಾಪ್‌ಟಾಪನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಕೂತ. ಸ್ಟೇರಿಂಗ್ ಹಿಡಿದು ದಡ್ಡುಗಟ್ಟಿದ ಬೆರಳು ಒಂದು ಕೀಲಿ ಒತ್ತಲು ಹೋದರೆ ಎರಡನ್ನು ಒತ್ತುತ್ತಿತ್ತು. ಒಂದು ಚುಕ್ಕಿ ತಪ್ಪಿದರೂ ಕೆಂಪು ಅಕ್ಷರ. ಮೂರನೆಯ ಸಲಕ್ಕೆ ಆ್ಯಪ್ ಹೇಗೋ ಕೂತಿತು. ಲ್ಯಾಪ್‌ಟಾಪಿನಲ್ಲಿ ಪುಟ ತೆರೆಯಿತು. ಫೋನಿನಲ್ಲಿ ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಅಷ್ಟರಲ್ಲಿ ಕೋಣೆಯಿಂದ ‘ಹ್ಞಂ’. ಎದ್ದು ಹೋಗಿ ನೀರು ಕುಡಿಸಿದ. ಅಪ್ಪನಿಗೆ ಬೇಕಿದ್ದದ್ದು ಕಿಟಕಿ ಮುಚ್ಚುವುದು.

ಮೆಷಿನ್ ಮೇಡಂಗೆ ಫೋನ್ ಮಾಡಿದ.

“ಅದು ತನ್ನೊಳಗಿನ ಕರೆಗೆ ಮಾತ್ರ ಓಗೊಡೋ ಹಾಗಿದೆ. ಆರನೇ ಸಾಲಲ್ಲಿ ನೂರಿಪ್ಪತ್ತೇಳು ಅಂತ ಶುರುವಾಗೋ ವಿಳಾಸ ತೆಗೀರಿ. ಮನೆ ವೈಫೈ ಲ್ಯಾಪ್‌ಟಾಪಿಗೆ ಕೊಟ್ಟಿರೋ ವಿಳಾಸ ಹಾಕಿ, ಫೋನಲ್ಲೂ ಅದನ್ನೇ ಹೊಡೀರಿ.”

“ಮೊದಲೇ ಹೇಳ್ಬಾರ್ದಿತ್ತಾ ಮೇಡಂ?”

“ನನಗೂ ಇದೇ ಅರ್ಧ ದಿನ ತಿಂದಿತ್ತು. ಮರೆತುಬಿಟ್ಟೆ ಕಣ್ರೀ.”

ಪುಟ ಫೋನಿಗೆ ಬಂತು. ಮೊದಲ ಲಿಂಕ್ ಹಾಕಿದರೆ, ವಿಡಿಯೊ ಇಡುವ ಫೋಲ್ಡರಿನಲ್ಲಿ ಬರೆಯಲು ಅನುಮತಿಯಿಲ್ಲ ಎಂದಿತು. ತನ್ನದೇ ಮನೆಯಲ್ಲಿ, ತನ್ನದೇ ಲ್ಯಾಪ್‌ಟಾಪಿನಲ್ಲಿ ಯಾರ ಅನುಮತಿ ಕೇಳಬೇಕೋ ಎಂದು ಅವನಿಗೆ ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ಮೈಯಲ್ಲಿ ಕಸುವಿರಲಿಲ್ಲ. ಅದನ್ನೂ ಮೇಡಂ ಹತ್ತಿರ ಕೇಳಿ ಸರಿಮಾಡಿದ. ಆಮೇಲೆ ಹಸಿರು ಗೆರೆ ಓಡಿತು. ಅರವತ್ತನಾಲ್ಕು ಲಿಂಕುಗಳನ್ನು ಒಂದೊಂದಾಗಿ ಹಾಕಿ ಮುಗಿಸುವಾಗ ಬೆನ್ನು ಮರಗಟ್ಟಿತ್ತು.

ಅಂದಿನಿಂದ ವಿಡಿಯೊ ತಡೆಯಿಲ್ಲದೆ ಓಡಿತು. ಅಪ್ಪ ದಿನಾ ತುಟಿ ಮುಚ್ಚಿದರು, ಬಿಟ್ಟರು. ಮೂರನೆಯ ವಾರ ಒಂದು ಮಧ್ಯಾಹ್ನ ಡ್ರೈವರ್ ಫೋನ್ ಹಿಡಿದುಕೊಂಡೇ ತೂಕಡಿಸುತ್ತಿದ್ದ.

“ಸಾಕು.”

ಬೆಚ್ಚಿ ಫೋನ್ ನೋಡಿದ. ಡಾಕ್ಟರಮ್ಮನ ತುಟಿ ಮುಚ್ಚಿತ್ತು.

“ಏನಂದ್ರಿ ಅಪ್ಪಾ?”

ಅಪ್ಪ ಇನ್ನೊಮ್ಮೆ ಹೇಳಲಿಲ್ಲ. ಅವನ ಕೈಯಿಂದ ಫೋನ್ ತೆಗೆದು ಕವುಚಿಟ್ಟು, ಪಕ್ಕದ ಮಂಚದ ಕಡೆ ಗದ್ದ ತೋರಿಸಿದರು. ಅವನು ಬೂಟಿನಲ್ಲೇ ಉರುಳಿಕೊಂಡ.

ಆಮೇಲೆ ‘ಬಾ’ ಬಂತು, ‘ಬೇಡ’ ಬಂತು. ಅದರಾಚೆ ಹೆಚ್ಚೇನೂ ಬರಲಿಲ್ಲ. ವೆಬ್‌ಸೈಟು ಯಾವ ದಿನ ಮುಚ್ಚಿತೆಂಬುದು ಅವನ ಗಮನಕ್ಕೇ ಬರಲಿಲ್ಲ.