ಎದುರುಮನೆಯ ಆಯಿ ಕೇಳಿದ್ದು

ಮೊನ್ನೆ ಮಹಾಲಿಂಗಪುರದ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕೂತವರು ಬುತ್ತಿ ಬಿಚ್ಚಿದರು. ರಂಜಕ ಚಟ್ನಿಯ ಘಾಟು, ಹಸಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ... ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ಎಲ್ಲರೂ ರಂಜಕ ಅರೆಯುತ್ತಿದ್ದರು. ಎದುರುಮನೆಯ ಆಯಿ ಮಾತ್ರ ಅದನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಯಾಕೆಂದು ನಾನು ಕೇಳಿರಲಿಲ್ಲ.

ನನ್ನ ಮಗಳು ಆಗಿನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಒಂದು ಮುಂಜಾನೆ ಸಂಡಾಸಿನಿಂದ, “ಅವ್ವಾ, ಕೆಂಪಗ ಬಂತು” ಎಂದು ಕೂಗಿದಳು. ನೋಡಿದರೆ ರಕ್ತ. ಹೊಟ್ಟೆನೋವಿಲ್ಲ, ಜ್ವರವಿಲ್ಲ. ಉಷ್ಣ ಎಂದರು ಮನೆಯವರು, ಎಳನೀರು ಕುಡಿಸಿದೆವು. ಮರುದಿನ ಮತ್ತೆ ಬಂತು, ಇನ್ನೂ ಹೆಚ್ಚು. ಮಗುವಿನ ತುಟಿ ಬೆಳ್ಳಗಾಗಿತ್ತು.

ನನ್ನ ಅಳು ಕೇಳಿ ಆಯಿ ಮಗ್ಗ ಬಿಟ್ಟು ಓಡಿಬಂದಳು. ಮಗುವಿನ ಮುಖ ನೋಡಿದ್ದೇ ಎತ್ತಿ ಹೆಗಲಿಗೆ ಹಾಕಿಕೊಂಡಳು.

“ಉಷ್ಣ ಅಂತ ಕುಂದ್ರಬ್ಯಾಡ ತಂಗಿ. ಈಗಿಂದೀಗ ದೊಡ್ಡ ದವಾಖಾನಿಗಿ ನಡಿ. ನಾನೂ ಬರ್ತೇನಿ.”

ಬೆಳಗಾವಿಯಲ್ಲಿ ರಕ್ತ ಏರಿಸಿದರು, ಸ್ಕ್ಯಾನ್ ಮಾಡಿದರು. ಹುಟ್ಟುವಾಗಲೇ ಸಣ್ಣಕರುಳಿಗೆ ಒಂದು ಪುಟ್ಟ ಚೀಲ ಅಂಟಿಕೊಂಡಿದೆ, ಅದರ ಹತ್ತಿರ ಹುಣ್ಣಾಗಿ ರಕ್ತ ಹೋಗುತ್ತಿದೆ, ಅಪರೂಪದ್ದು, ಕೊಯ್ದು ತೆಗೆದರೆ ಗುಣ ಎಂದರು ಡಾಕ್ಟರು. ಹಾಗೇ ಆಯಿತು. ಮಗು ಕಣ್ಣು ಬಿಟ್ಟಿತು.

ಹೊರಟ ಡಾಕ್ಟರನ್ನು ಆಯಿ ಬಾಗಿಲಲ್ಲೇ ತಡೆದಳು.

“ಖಾರ ತಿಂದ್ರ ಇದು ಆಗ್ತದೇನ್ರಿ?”

“ಇಲ್ಲ ಯವ್ವಾ. ಹುಟ್ಟೂವಾಗನ ಬಂದಿರ್ತದ. ತಾಯಿದೇನೂ ತಪ್ಪಿರೂದಿಲ್ಲ.”

ಆಯಿ ಬಾಗಿಲು ಬಿಡದೆ ಅಲ್ಲೇ ನಿಂತು ಹೇಳಿದಳು. ಅವಳಿಗೂ ಒಬ್ಬ ಮಗಳಿದ್ದಳಂತೆ. ಹಟ ಮಾಡಿದಳೆಂದು ಆಯಿಯೇ ರೊಟ್ಟಿಗೆ ರಂಜಕ ಹಚ್ಚಿ ಕೊಟ್ಟಿದ್ದಳಂತೆ. ಆಮೇಲೆ ಹೀಗೇ ರಕ್ತ... ದವಾಖಾನೆ ಮುಟ್ಟುವ ಮೊದಲೇ ಮಗು ಹೋಯಿತು. “ನೀನ ಖಾರ ತಿನಿಸಿ ಕೊಂದಿ” ಎಂದಿದ್ದಳು ಅತ್ತೆ. ಆಯಿ ಅದನ್ನೇ ನಂಬಿಕೊಂಡು ಮುದುಕಿಯಾಗಿದ್ದಳು.

“ಅಕಿಗೂ ಇದ ಆಗಿತ್ತೇನ್ರಿ?”

“ನೋಡಲಾರದ ಹ್ಯಾಂಗ ಹೇಳ್ಲಿ? ಆದ್ರ ಒಂದ್ ರೊಟ್ಟಿ ರಂಜಕಕ್ಕ ಅಷ್ಟ ರಕ್ತ ಹೋಗೂದಿಲ್ಲ ಯವ್ವಾ.”

ಊರಿಗೆ ಮರಳುವಾಗ ಆಯಿ ಬಸ್ಸಿನ ಕಿಟಕಿ ಬಿಟ್ಟು ಮುಖ ತಿರುಗಿಸಲಿಲ್ಲ. ಊರು ಹತ್ತಿರ ಬಂದಾಗ ಮಾತ್ರ ಮೆಲ್ಲಗೆ ಕೇಳಿದಳು:

“ಕೊಯ್ದು ತಗದಿದ್ರ ನನ್ನ ಮಗಳೂ ಉಳೀತಿದ್ಲೇನ ತಂಗಿ?”

ನಾನು ಅವಳ ಕೈ ಹಿಡಿದುಕೊಂಡೆ.

ನನ್ನ ಮಗಳು ಈಗ ಜಮಖಂಡಿಯ ಕಾಲೇಜಿಗೆ ಹೋಗುತ್ತಾಳೆ. ಆ ಡಾಕ್ಟರ ಮಾತು ಆಯಿಯ ಎದೆಯ ಭಾರ ಇಳಿಸಿತೋ, ಬೇರೊಂದು ಭಾರ ಹೊರಿಸಿತೋ... ಇವತ್ತು ಕೇಳೋಣ, ನಾಳೆ ಕೇಳೋಣ ಎನ್ನುತ್ತಲೇ ವರ್ಷಗಳು ಹೋದವು. ಹೋದ ಚಳಿಗಾಲದಲ್ಲಿ ಆಯಿಯೂ ಹೋದಳು.