ಇಂದುಮತಿಯವರ ಮಂಜೂರಾತಿ

ಪಾರ್ಶ್ವವಾಯು ಬಡಿದ ಹೆಂಡತಿ ಇಂದುಮತಿ ಮತ್ತೆ ನಡೆದಾರೆಂಬ ನಂಬಿಕೆ ಶ್ರೀಪಾದರಾಯರಿಗಿರಲಿಲ್ಲ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಮೂವತ್ತು ವರ್ಷ ಫೈಲು ಬರೆದ ಆಕೆ, ಎಡಗೈಯಲ್ಲಿ ದಿನಚರಿಯನ್ನೂ ಫೈಲಿನಂತೆಯೇ ಬರೆಯತೊಡಗಿದರು: “ಇಂದು ಬಾಗಿಲವರೆಗೆ ನಡೆಯಲಾಯಿತು. ನಾಳೆ ಬಾಲ್ಕನಿಗೆ. ಮಂಜೂರಾತಿಗಾಗಿ ಸಲ್ಲಿಸಿದೆ.”

“ರೀ, ಸಹಿ ಹಾಕಿ.”

“ನಾನೇನು ನಿನ್ನ ಸಾಹೇಬನೇನೇ?”

“ಅಚ್ಛಾ, ಮನೆಯಲ್ಲಾದರೂ ಒಮ್ಮೆ ಆಗಿ ನೋಡಿ!”

ಕಾಲು ಏಳದ ದಿನ “ಗುರಿಯನ್ನು ಎರಡು ಹೆಜ್ಜೆಗೆ ಇಳಿಸಿದೆ” ಎಂದಿರುತ್ತಿತ್ತು. ರಾಯರು ಅದಕ್ಕೂ ಸಹಿ ಹಾಕುತ್ತಿದ್ದರು.

ಚಳಿಗಾಲದ ಒಂದು ಬೆಳಿಗ್ಗೆ ಹಾಸಿಗೆ ಖಾಲಿಯಿತ್ತು, ದಿನಚರಿ ತೆರೆದಿತ್ತು. “ಹಾಲಿನ ಬೂತಿಗೆ ಹೋಗಿದ್ದೇನೆ. ಘಟನೋತ್ತರ ಮಂಜೂರಾತಿ ಕೋರಿದೆ.”

ರಾಯರು ಬಾಲ್ಕನಿಗೆ ಓಡಿ ಕೆಳಗೆ ಬಗ್ಗಿದರು. ಕಿದ್ವಾಯಿ ನಗರದ ಮಂಜಿನೊಳಗೆ ಇಂದುಮತಿ ಕೋಲೂರಿಕೊಂಡು ಹಾಲಿನ ಸಾಲಿನಲ್ಲಿ ನಿಂತಿದ್ದರು. ಸಹಿ ಹಾಕಬೇಕಾದ ಕೈಗಳು ತಾವಾಗಿಯೇ ಜೋಡಿಕೊಂಡವು.